ಲಸಿಕೆ ಪ್ರಯೋಗ: ಸಹಿ ಹಾಕಿಸಿಕೊಳ್ಳೋರಿಗೆ ಮೊದಲು ತರಬೇತಿ ಬೇಕು

ಕಡೂರು: ಮಂಗನ ಕಾಯಿಲೆ ಅಂದ್ರೆ ದೇವನೂರು ಕಡೆಯ ನಮಗೆ ಮಲೆನಾಡಿನ ಸುದ್ದಿ. ಆದರೆ ಇದೇ ಜಿಲ್ಲೆಯ ಕೊಪ್ಪ, ಶೃಂಗೇರಿ, ಎನ್.ಆರ್.ಪುರದಲ್ಲಿ ಬೇಸಿಗೆ ಬಂತೆಂದರೆ ಅದರದೇ ಭಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ರೋಗ ಇದು. ಹಳೇ ಲಸಿಕೆ 2022ರಲ್ಲಿ ನಿಂತುಹೋಯಿತು. ಹೊಸ ಲಸಿಕೆಗಾಗಿ ಐಸಿಎಂಆರ್ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಕಂಪನಿ ಕೈಜೋಡಿಸಿವೆ. ಯಾವ ಹೊಸ ಲಸಿಕೆಯೇ ಆಗಲಿ, ಮನುಷ್ಯರ ಮೇಲಿನ ಪ್ರಯೋಗ ದಾಟಿಯೇ ಬರಬೇಕು. ನಾಳೆ ನಮ್ಮವರನ್ನೂ ಕೇಳಬಹುದು.

ಪ್ರಯೋಗದ ಹೊಣೆ ದೊಡ್ಡ ಡಾಕ್ಟರದ್ದು, ನಿಜ. ಆದರೆ ಮನೆಯವರ ಜೊತೆ ಮಾತಾಡೋದು, ಫಾರಂ ತುಂಬೋದು, ಫೋನ್ ಎತ್ತೋದು ನರ್ಸ್ ಮತ್ತು ಇತರ ಸಿಬ್ಬಂದಿ. ಎಡವಟ್ಟು ಆಗೋದೂ ಅಲ್ಲೇ.

ಖಮ್ಮಂ ಪಾಠ

2009-10ರಲ್ಲಿ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಹಾಕಿದರು. ಅನೇಕ ಕಡೆ ತಂದೆ-ತಾಯಿ ಬದಲು ಹಾಸ್ಟೆಲ್ ವಾರ್ಡನ್‌ಗಳೇ ಒಪ್ಪಿಗೆಗೆ ಸಹಿ ಹಾಕಿದ್ದರು. 2010ರಲ್ಲಿ ಯೋಜನೆಗೆ ತಡೆ ಬಿತ್ತು. 2013ರಲ್ಲಿ ಸಂಸದೀಯ ಸಮಿತಿ ಇದನ್ನು ಕಟುವಾಗಿ ಟೀಕಿಸಿತು. ಸಹಿ ಯಾರದ್ದಿರಬೇಕು ಅನ್ನೋದನ್ನು ಫಾರಂ ಹಿಡಿದವರಿಗೆ ಸರಿಯಾಗಿ ಕಲಿಸಿ, ಅವರು ಹೇಳಿದ್ದನ್ನು ಮೇಲಿನವರು ಕೇಳಿದ್ದರೆ ಇಷ್ಟು ದೂರ ಬರುತ್ತಿರಲಿಲ್ಲ.

24 ಗಂಟೆ ಲೆಕ್ಕ

2019ರ ನಿಯಮದ ಪ್ರಕಾರ, ಪ್ರಯೋಗಕ್ಕೆ ಸೇರಿದವರಿಗೆ ಗಂಭೀರ ತೊಂದರೆಯಾದರೆ ಹೊಣೆ ಹೊತ್ತ ಡಾಕ್ಟರು 24 ಗಂಟೆಯೊಳಗೆ ಔಷಧ ನಿಯಂತ್ರಣ ಇಲಾಖೆಗೆ, ಕಂಪನಿಗೆ, ನೈತಿಕ ಸಮಿತಿಗೆ ತಿಳಿಸಬೇಕು. ಆಸ್ಪತ್ರೆಗೆ ದಾಖಲಾಗುವುದೂ ಗಂಭೀರವೇ. ರಾತ್ರಿ ಬಂದ ಫೋನನ್ನು ‘ಮಾಮೂಲಿ ಜ್ವರ, ನಾಳೆ ನೋಡೋಣ’ ಅಂತ ಇಟ್ಟುಬಿಟ್ಟರೆ ಅರ್ಧ ಅವಧಿ ಅಲ್ಲೇ ಮುಗೀತು.

ಇದು ಒಂದು ದಿನ ಕೂತು ಸ್ಲೈಡ್ ನೋಡಿ ಸರ್ಟಿಫಿಕೇಟ್ ತಗೊಂಡರೆ ಬರೋ ವಿದ್ಯೆ ಅಲ್ಲ. ಒಪ್ಪಿಗೆ ಪತ್ರವನ್ನು ಆಡುಮಾತಲ್ಲಿ ಹೇಳಿ, ಎದುರಿಗಿದ್ದವರಿಂದ ‘ಏನು ಅರ್ಥವಾಯ್ತು’ ಅಂತ ಹೇಳಿಸೋದನ್ನು ರೂಢಿ ಮಾಡಿಸಬೇಕು. ರಾತ್ರಿ ಫೋನ್ ಬಂದಂತೆ ತಾಲೀಮು ನಡೆಸಬೇಕು. ಸಿಬ್ಬಂದಿ ಬದಲಾದರೆ ಹೊಸಬರಿಗೆ ಕಲಿಸಿದ ಮೇಲೆಯೇ ಕೆಲಸ ಕೊಡಬೇಕು. 2025ರ ಜನವರಿಯಲ್ಲಿ ಅಂತಿಮವಾದ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಮಾಡುವ ಕೆಲಸಕ್ಕೆ ತಕ್ಕ ತರಬೇತಿ ಇರಲಿ ಅನ್ನುತ್ತದೆ.

ನೀವು ಕೇಳಬೇಕಾದ್ದು

ಪ್ರಯೋಗ ಇಲ್ಲದೆ ಔಷಧಿ ಇಲ್ಲ, ಹೆದರಿ ದೂರ ಓಡಬೇಕಿಲ್ಲ. ಆದರೆ ಸಹಿಗೆ ಮೊದಲು ಕೇಳಿ: ಪತ್ರದ ಪ್ರತಿ ಕೊಡ್ತೀರಾ? ರಾತ್ರಿ ಯಾರಿಗೆ ಫೋನ್ ಮಾಡಬೇಕು? ತೊಂದರೆಯಾದರೆ ಚಿಕಿತ್ಸೆ ಖರ್ಚು ಯಾರದ್ದು? ಮಧ್ಯದಲ್ಲಿ ಬಿಡಬಹುದಾ? ಯಾವಾಗ ಬೇಕಾದರೂ ಬಿಡುವ ಹಕ್ಕು ನಿಮಗಿದೆ. ಎದುರಿಗಿರುವ ಸಿಬ್ಬಂದಿ ಇವಕ್ಕೆ ತಡವರಿಸಿದರೆ, ಅವತ್ತು ಸಹಿ ಬೇಡ.