ಕಟ್ಟಡಕ್ಕೂ ಒಂದು ದತ್ತಿ ಬೇಕು

ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ನಾಡು ಸಂಭ್ರಮಿಸಿತು. ಸಂಭ್ರಮಿಸಬೇಕಾದದ್ದೇ. ಆದರೆ 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಬೇಲೂರಿನ ಗುಡಿ ತನ್ನ ಪಾಡಿಗೆ ತಾನೇ ಒಂಬತ್ತು ಶತಮಾನ ನಿಂತು ಬಂದದ್ದಲ್ಲ. ಅದರ ಹೆಬ್ಬಾಗಿಲ ಗೋಪುರವನ್ನು 1397ರಲ್ಲಿ ವಿಜಯನಗರದ ದಂಡನಾಯಕ ಗುಂಡ ಮತ್ತೆ ಕಟ್ಟಿಸಿದ. ಶಿಥಿಲವಾಗಿದ್ದ ಮೇಲಿನ ಶಿಖರವನ್ನು, ಕೆಳಗಿನ ಗರ್ಭಗುಡಿ ಉಳಿಯಲೆಂದು, 1879ರಲ್ಲಿ ಇಳಿಸಲಾಯಿತು. ರಾಜರು ಬದಲಾದರು, ರಾಜಮನೆತನಗಳು ಅಳಿದವು, ಆದರೂ ಗುಡಿಯ ಮೇಲೆ ಯಾರದಾದರೂ ಒಂದು ಕೈ ಇದ್ದೇ ಇತ್ತು.

ಇದು ಆಕಸ್ಮಿಕವೂ ಅಲ್ಲ. ನಮ್ಮ ದಾನಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಚಿರಪರಿಚಿತ. ದೇವರ ಅಂಗಭೋಗ ರಂಗಭೋಗಕ್ಕೆ, ನಂದಾದೀವಿಗೆಗೆ, ಋಷಿಯರ ಆಹಾರದಾನಕ್ಕೆ ಎಂದು ದತ್ತಿ ಬಿಡುವಾಗಲೇ, ಒಡೆದದ್ದನ್ನೂ ಬಿರುಕು ಬಿಟ್ಟದ್ದನ್ನೂ ಸರಿಪಡಿಸುವುದಕ್ಕೆ ಎಂದು ದುರಸ್ತಿಯನ್ನೂ ಅದೇ ಸಾಲಿನಲ್ಲಿ ಸೇರಿಸುತ್ತಿದ್ದರು. ಇಷ್ಟು ಗದ್ದೆ, ಇಷ್ಟು ಬೆದ್ದಲು, ಗಾಣದ ಎಣ್ಣೆಯಲ್ಲಿ ಇಷ್ಟು ಪಾಲು, ಸುಂಕದಲ್ಲಿ ಇಷ್ಟು. ಚಾಲುಕ್ಯರಲ್ಲೂ ಹೊಯ್ಸಳರಲ್ಲೂ, ಶೈವ ಗುಡಿಗಳಲ್ಲೂ ಜೈನ ಬಸದಿಗಳಲ್ಲೂ ಇದೇ ಪದ್ಧತಿ. ಕಟ್ಟಿದ್ದು ಮುಂದೆ ಬಿರುಕು ಬಿಡುತ್ತದೆ ಎಂಬುದನ್ನು ಕಟ್ಟಿಸಿದವನು ಮೊದಲ ದಿನವೇ ಒಪ್ಪಿಕೊಂಡಿದ್ದ, ಅದಕ್ಕೆ ಹಣವನ್ನೂ ತೆಗೆದಿರಿಸಿದ್ದ.

ಈಗ ಮೈಸೂರಿಗೆ ಬರೋಣ.

ವೈಸ್‌ರಾಯ್ ಲ್ಯಾನ್ಸ್‌ಡೌನ್ ಭೇಟಿಯ ನೆನಪಿಗೆ 1892ರಲ್ಲಿ ಕಟ್ಟಿದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಸತ್ತರು. ಹಳೆಯ ಪುಸ್ತಕಗಳನ್ನು ಹುಡುಕಿಕೊಂಡು ಎಷ್ಟೋ ತಲೆಮಾರಿನ ವಿದ್ಯಾರ್ಥಿಗಳು ಓಡಾಡಿದ ಜಗಲಿ ಅದು. ನಾಲ್ಕು ವರ್ಷ ಕಳೆದು, 2016ರ ಆಗಸ್ಟ್‌ನಲ್ಲಿ, ಅದರ ಸಮೀಪದ ದೇವರಾಜ ಮಾರುಕಟ್ಟೆಯ ಉತ್ತರ ಭಾಗ ಬಿತ್ತು. 2022ರ ಅಕ್ಟೋಬರ್‌ನಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಶತಮಾನ ದಾಟಿದ ಕಟ್ಟಡದ ಸರದಿ. ಅದೇ ತಿಂಗಳು ಅರಮನೆಯ ಕೋಟೆ ಗೋಡೆಯ ಒಂದು ತುಂಡೂ ಜಾರಿತು. ತಿಂಗಳುಗಳನ್ನು ಗಮನಿಸಬೇಕು: ಆಗಸ್ಟ್, ಆಗಸ್ಟ್, ಅಕ್ಟೋಬರ್, ಅಕ್ಟೋಬರ್. ಎಲ್ಲವೂ ಮಳೆಗಾಲ ಅಥವಾ ಅದರ ಬಾಲ.

ಪ್ರತಿ ಸಲವೂ ‘ಕಟ್ಟಡಕ್ಕೆ ವಯಸ್ಸಾಗಿತ್ತು’ ಎಂಬ ಮಾತು ಕೇಳಿಬರುತ್ತದೆ. ವಯಸ್ಸೇ ಕಾರಣವಾಗಿದ್ದರೆ 1868ರಲ್ಲಿ ಮುಗಿದ ಬೆಂಗಳೂರಿನ ಅಠಾರಾ ಕಚೇರಿ ಇವೆಲ್ಲಕ್ಕಿಂತ ಮೊದಲೇ ನೆಲಕ್ಕೆ ಸೇರಬೇಕಿತ್ತು. 1980ರ ದಶಕದಲ್ಲಿ ಅದನ್ನೂ ಕೆಡವಬೇಕೆಂಬ ಪ್ರಸ್ತಾವ ಇತ್ತು. ನಾಗರಿಕರು ವಿರೋಧಿಸಿದರು, ವಿಷಯ ನ್ಯಾಯಾಲಯಕ್ಕೂ ಹೋಯಿತು, ಕಟ್ಟಡ ಉಳಿಯಿತು. ಹೈಕೋರ್ಟ್ ಕಲಾಪ ಇವತ್ತಿಗೂ ಆ ಕೆಂಪು ಗೋಡೆಗಳ ಒಳಗೇ ನಡೆಯುತ್ತಿದೆ.

ಮೈಸೂರಿನ ಈ ಕಟ್ಟಡಗಳನ್ನು ಬೀಳಿಸಿದ್ದು ವಯಸ್ಸಲ್ಲ, ನೀರು. ಅವನ್ನು ಹೇಗೆ ಕಟ್ಟಿದರು ಎಂದು ತಿಳಿದರೆ ಅವು ಹೇಗೆ ಬೀಳುತ್ತವೆ ಎಂಬುದೂ ತಿಳಿಯುತ್ತದೆ. ಆ ಕಾಲದ ಸಾರ್ವಜನಿಕ ಕಟ್ಟಡಗಳಲ್ಲಿ ಹೆಚ್ಚಿನವು ಇಟ್ಟಿಗೆ ಮತ್ತು ಸುಣ್ಣದ ಗಾರೆಯವು. ಮೇಲೆ ಮದ್ರಾಸ್ ತಾರಸಿ: ಗೋಡೆಯಿಂದ ಗೋಡೆಗೆ ಮರದ ತೊಲೆ, ಅದರ ಮೇಲೆ ಅಡ್ಡ ಜಂತೆಗಳು, ಜಂತೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಜೋಡಿಸಿ, ಅದರ ಮೇಲೆ ಇಟ್ಟಿಗೆ ಚೂರು ಸುಣ್ಣ ಬೆರೆಸಿದ ಗಚ್ಚನ್ನು ಹಾಕಿ ದಿನಗಟ್ಟಲೆ ಬಡಿಯುವುದು. ಬೆಲ್ಲದ ನೀರು, ಅಳಲೆಕಾಯಿ ನೀರು ಚಿಮುಕಿಸುತ್ತ ಬಡಿಯುತ್ತಿದ್ದರು. ಹಾಗೆ ಮಾಡಿದ ತಾರಸಿ ಬಿಸಿಲಿಗೆ ಬಾಯಿ ಬಿಡದೆ ಮೂರು ತಲೆಮಾರು ಬಾಳುತ್ತದೆ, ನೀರು ಹರಿದುಹೋಗುವ ದಾರಿ ತೆರೆದಿದ್ದರೆ ಮಾತ್ರ.

ಆ ದಾರಿ ಕಟ್ಟಿದರೆ? ತಾರಸಿಯ ಮೂಲೆಯ ಕೊಳವೆಯಲ್ಲಿ ಒಣಗಿದ ಎಲೆ ತುಂಬುತ್ತದೆ. ನಿಂತ ನೀರು ನಿಧಾನವಾಗಿ ಗೋಡೆಗೆ ಇಳಿಯುತ್ತದೆ. ಹಕ್ಕಿ ಹಿಕ್ಕೆಯಲ್ಲಿ ಬಂದ ಅರಳಿ ಬೀಜ ಆ ತೇವದಲ್ಲಿ ಮೊಳೆತು, ಎರಡೇ ವರ್ಷಕ್ಕೆ ಬೇರು ಇಟ್ಟಿಗೆಯ ಸಂದಿಗೆ ನುಗ್ಗುತ್ತದೆ. ಹೆಚ್ಚಿನ ಅಪಾಯ ಕಣ್ಣಿಗೆ ಕಾಣದ ಕಡೆ. ಗೋಡೆಯೊಳಗೆ ಹೂತಿರುವ ತೊಲೆಯ ತುದಿ ಸದಾ ಒದ್ದೆಯಾಗಿದ್ದು ಲಡ್ಡಾಗುತ್ತದೆ. ಕೋಣೆಯೊಳಗೆ ನಿಂತು ನೋಡಿದವರಿಗೆ ತೊಲೆ ಗಟ್ಟಿಯಾಗಿಯೇ ಕಾಣುತ್ತದೆ, ಅದನ್ನು ಹೊತ್ತಿರುವ ಒಂದು ಗೇಣು ಮರ ಮಾತ್ರ ಪುಡಿಯಾಗಿರುತ್ತದೆ. ಯಾವುದೋ ಮಳೆಯ ಮರುದಿನ ಛಾವಣಿ ಒಮ್ಮೆಲೇ ಕೆಳಗಿಳಿಯುತ್ತದೆ.

ಇದರ ಮೇಲೆ ನಮ್ಮ ಕಾಲದ ದುರಸ್ತಿ ಬೇರೆ. ಸುಣ್ಣದ ಗೋಡೆ ಹೀರಿಕೊಂಡ ತೇವವನ್ನು ಹೊರಗೂ ಬಿಡುತ್ತದೆ. ಬಿರುಕು ಕಂಡ ತಕ್ಷಣ ಅದರ ಮೇಲೆ ಸಿಮೆಂಟ್ ಮೆತ್ತಿ, ಮೇಲೊಂದು ಪ್ಲಾಸ್ಟಿಕ್ ಬಣ್ಣ ಬಳಿದರೆ ಆ ತೇವ ಒಳಗೇ ಸಿಕ್ಕಿಬೀಳುತ್ತದೆ. ಹೊರಗೆ ಗೋಡೆ ಹೊಸದರಂತೆ ಹೊಳೆಯುತ್ತಿದ್ದರೂ ಒಳಗೆ ಇಟ್ಟಿಗೆ ಉಪ್ಪೊಡೆದು ಉದುರುತ್ತಿರುತ್ತದೆ. ಇಂಥ ರಿಪೇರಿಗಿಂತ ಸುಮ್ಮನೆ ಬಿಟ್ಟಿದ್ದರೇ ಗೋಡೆ ಇನ್ನೂ ಕೆಲವು ವರ್ಷ ಬದುಕುತ್ತಿತ್ತು.

ದೇವರಾಜ ಮಾರುಕಟ್ಟೆಯ ವಿಷಯದಲ್ಲಿ ಕೆಡವಿ ಅದೇ ರೂಪದಲ್ಲಿ ಹೊಸದು ಕಟ್ಟಬೇಕೆಂದು ಒಂದು ಪಕ್ಷ, ಬಿದ್ದ ಭಾಗವನ್ನು ಸರಿಪಡಿಸಿ ಉಳಿದದ್ದನ್ನು ಕಾಪಾಡಬಹುದೆಂದು ಪರಂಪರೆ ತಜ್ಞರ ಪಕ್ಷ. ವಾದ ಹೈಕೋರ್ಟ್‌ವರೆಗೂ ಹೋಗಿ ವರ್ಷಗಳೇ ಸಂದಿವೆ. ಕೆಡವುವ ಪಕ್ಷದವರ ಆತಂಕ ಹುಸಿಯಲ್ಲ. ಲ್ಯಾನ್ಸ್‌ಡೌನ್‌ನಲ್ಲಿ ಜೀವ ಹೋದದ್ದನ್ನು ಊರು ಕಂಡಿದೆ, ಮಾರುಕಟ್ಟೆಯೊಳಗೆ ದಿನವೂ ಸಾವಿರಾರು ಜನ ಓಡಾಡುತ್ತಾರೆ. ಆದರೆ ಅದೇ ರೂಪದಲ್ಲಿ ಎದ್ದ ಕಾಂಕ್ರೀಟ್ ಕಟ್ಟಡಕ್ಕೂ ತಾರಸಿ ಇರುತ್ತದೆ, ತಾರಸಿಗೆ ಕೊಳವೆ ಇರುತ್ತದೆ, ಕೊಳವೆಯಲ್ಲಿ ಎಲೆ ತುಂಬುತ್ತದೆ. ಆಗಲೂ ಅದನ್ನು ತೆಗೆಯುವವರಿಲ್ಲದಿದ್ದರೆ ಕಾಂಕ್ರೀಟಿನೊಳಗಿನ ಕಬ್ಬಿಣ ತುಕ್ಕು ಹಿಡಿಯುವುದಕ್ಕೆ ನೂರು ವರ್ಷವೇನೂ ಬೇಕಾಗುವುದಿಲ್ಲ. ಇದನ್ನು ಯೋಚಿಸಿದರೆ, ಮೊದಲು ದುರಸ್ತಿಯ ಪಕ್ಷವೇ ಸರಿ. ಚಿಕ್ಕ ಗಡಿಯಾರದ ಮಗ್ಗುಲಿನಿಂದ ಧನ್ವಂತರಿ ರಸ್ತೆಯವರೆಗೆ ಹಬ್ಬಿದ ಆ ಸಾಲುಗಳಲ್ಲಿ ಮಲ್ಲಿಗೆ ಮೊಗ್ಗಿನ ರಾಶಿ, ಕುಂಕುಮದ ಗೋಪುರ, ರಸಬಾಳೆ, ವೀಳ್ಯದೆಲೆ ಇಟ್ಟುಕೊಂಡು ಕೂತವರು ಅಲ್ಲಿ ಬೆಳೆಸಿರುವ ವ್ಯಾಪಾರವನ್ನು ಐದಾರು ವರ್ಷ ತಗಡಿನ ಶೆಡ್ಡಿಗೆ ಎತ್ತಿ ಹಾಕಿ ಮತ್ತೆ ತಂದು ನೆಡಲಾಗುವುದಿಲ್ಲ.

ಒಮ್ಮೆ ದೊಡ್ಡ ಮೊತ್ತ ಸುರಿದು ಜೀರ್ಣೋದ್ಧಾರ ಮಾಡಿದರೂ ಸಾಲದು ಎಂಬುದಕ್ಕೆ ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸವೇ ಸಾಕ್ಷಿ. 1905ರಲ್ಲಿ ಮೈಸೂರಿನ ರಾಜಕುಮಾರಿಗಾಗಿ ಕಟ್ಟಿದ ಆ ಬಂಗಲೆಯಲ್ಲಿ ಈಗ ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯ ಇದೆ. ಈ ಶತಮಾನದ ಆರಂಭದಲ್ಲಿ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಕಟ್ಟಡ ಮತ್ತೆ ಕಳೆಗಟ್ಟಿತು. ಎರಡು ದಶಕ ಕಳೆಯುವುದರೊಳಗೆ ಸೋರುವ ಛಾವಣಿಯ ಸುದ್ದಿ ಮತ್ತೆ ಬಂತು, ಮತ್ತೊಬ್ಬ ದಾನಿಯನ್ನು ಹುಡುಕಬೇಕಾಯಿತು. ದಾನಿಗಳಿಗೆ ನಾಡು ಋಣಿ. ಆದರೆ ವರ್ಷವರ್ಷದ ಕೆಲಸಕ್ಕೆ ದಾನಿಗಳು ಬರುವುದಿಲ್ಲ, ಅದನ್ನು ಕಟ್ಟಡದ ಮಾಲೀಕರೇ ಮಾಡಬೇಕು.

ಕಾನೂನಿನ ಹಾದಿಯೂ ಇಲ್ಲಿ ಅರ್ಧಕ್ಕೇ ನಿಲ್ಲುತ್ತದೆ. 1958ರ ಕೇಂದ್ರ ಕಾಯ್ದೆ, 1961ರ ರಾಜ್ಯ ಕಾಯ್ದೆ ಎರಡೂ ತಮ್ಮ ಪಟ್ಟಿಯಲ್ಲಿರುವ ಸ್ಮಾರಕಗಳನ್ನು ಕಾಯುತ್ತವೆ. ಜನ ಇನ್ನೂ ಬಳಸುತ್ತಿರುವ ಮಾರುಕಟ್ಟೆ, ಕಾಲೇಜು, ಆಸ್ಪತ್ರೆ, ಕಚೇರಿಗಳಲ್ಲಿ ಬಹುಪಾಲು ಆ ಪಟ್ಟಿಯ ಹೊರಗೇ ಉಳಿದಿವೆ. ಅವುಗಳ ದುರಸ್ತಿ ಎಂದರೆ ರಸ್ತೆ, ಚರಂಡಿ, ಸಂಬಳಗಳ ಜೊತೆ ಸ್ಪರ್ಧಿಸಬೇಕಾದ ಒಂದು ಸಾಲು, ಬಜೆಟ್ಟಿನಲ್ಲಿ ಮೊದಲು ಕತ್ತರಿ ಬೀಳುವ ಸಾಲು.

ಹೊಯ್ಸಳರ ಕಾಲದ ಏರ್ಪಾಡನ್ನು ಈ ಕಾಲಕ್ಕೆ ಹೊಂದಿಸಿಕೊಳ್ಳುವುದು ಕಷ್ಟವೇನಲ್ಲ. ಮಾರುಕಟ್ಟೆಯ ಮಳಿಗೆಗಳಿಂದ ಪಾಲಿಕೆಗೆ ಬಾಡಿಗೆ ಬರುತ್ತದೆ, ಅದರಲ್ಲಿ ಒಂದು ನಿಗದಿತ ಪಾಲು ಅದೇ ಕಟ್ಟಡದ ಹೆಸರಿನ ಪ್ರತ್ಯೇಕ ಖಾತೆಗೆ ಹೋಗಬೇಕು, ಬೇರೆ ಯಾವ ಕೆಲಸಕ್ಕೂ ಅದನ್ನು ಮುಟ್ಟುವಂತಿರಬಾರದು. ಬಾಡಿಗೆ ತರದ ಕಾಲೇಜು, ಕಚೇರಿಗಳಿಗೆ ಸರ್ಕಾರವೇ ಇಡುಗಂಟು ಇಟ್ಟು ಅದರ ಬಡ್ಡಿಯನ್ನು ಬಿಡಬೇಕು. ಮುಂಗಾರಿಗೆ ಮುಂಚೆ, ಏಪ್ರಿಲ್–ಮೇ ತಿಂಗಳಲ್ಲಿ, ತಾರಸಿ ಗುಡಿಸಿ, ಕೊಳವೆ ತೆರವು ಮಾಡಿ, ಅರಳಿ ಗಿಡವನ್ನು ಬೇರುಸಹಿತ ಕಿತ್ತು, ತೊಲೆಗಳ ತುದಿಯನ್ನು ತಟ್ಟಿ ನೋಡುವ ತಪಾಸಣೆ ನಡೆದು, ಅದರ ವರದಿ ಕಟ್ಟಡದ ಬಾಗಿಲಲ್ಲೇ ಅಂಟಬೇಕು. ಇದಕ್ಕೆಲ್ಲ ಸುಣ್ಣದ ಕೆಲಸ ಬಲ್ಲ ಗಾರೆ ಕೆಲಸಗಾರರು ಬೇಕು. ಸುಣ್ಣ ಎಷ್ಟು ದಿನ ಕೊಳೆಯಬೇಕು, ಗಾರೆಯನ್ನು ಎಷ್ಟು ಹೊತ್ತು ಅರೆಯಬೇಕು ಎಂಬುದನ್ನು ಕೈಯಿಂದಲೇ ತಿಳಿದ ಹಿರಿಯರು ಕಡಿಮೆಯಾಗುತ್ತಿದ್ದಾರೆ. ಸರ್ಕಾರಿ ಐಟಿಐಗಳಲ್ಲಿ ಈ ಕಸುಬಿಗೊಂದು ತರಗತಿ ತೆರೆದು ಅಂಥವರನ್ನು ಗೌರವ ಸಂಭಾವನೆ ಕೊಟ್ಟು ಕರೆಸುವ ಕೆಲಸ ಮುಂದಿನ ಶೈಕ್ಷಣಿಕ ವರ್ಷದಿಂದಲೇ ಶುರುವಾಗಬಹುದು.