ಬ್ಯಾಟಿನ ಲೆಕ್ಕವೂ ಪುಸ್ತಕದ ಲೆಕ್ಕವೂ

ನಮ್ಮ ಶಾಲೆಯ ಬಾಲಕಿಯರು ಸಾಯಂಕಾಲ ಅಂಗಳದಲ್ಲಿ ಆಡುವ ರೌಂಡರ್ಸ್ ಆಟಕ್ಕೆ ಅಮೇರಿಕ ದೇಶದಲ್ಲಿ ಬೇಸ್‌ಬಾಲ್ ಎಂಬ ದೊಡ್ಡ ಬಂಧುವೊಂದು ಉಂಟು. ಅಲ್ಲಿಯವರು ಈ ಆಟವನ್ನು ಪ್ರೀತಿಸುವಷ್ಟೇ ಅದರ ಅಂಕಿಗಳನ್ನೂ ಪ್ರೀತಿಸುತ್ತಾರೆ. ಆಟಗಾರನು ಜೀವಮಾನದಲ್ಲಿ ಎಷ್ಟು ಸಾರಿ ಬ್ಯಾಟು ಹಿಡಿದನು, ಅವುಗಳಲ್ಲಿ ಎಷ್ಟು ಸಾರಿ ತನ್ನ ಹೊಡೆತದ ಬಲದಿಂದಲೇ ಕ್ಷೇಮವಾಗಿ ನೆಲೆ ಮುಟ್ಟಿದನು ಎಂದು ಎಣಿಸಿ ಸರಾಸರಿ ಕಟ್ಟುತ್ತಾರೆ. ಬಹುಕಾಲ ಈ ಪಟ್ಟಿಯ ತಲೆಯಲ್ಲಿದ್ದವನು 1905ರಿಂದ 1928ರ ವರೆಗೆ ಆಡಿದ ಟೈ ಕಾಬ್, ಆತನ ಸರಾಸರಿ.367, ಅಂದರೆ ಸಾವಿರಕ್ಕೆ 367. 2024ನೇ ಇಸವಿಯ ಮೇ ತಿಂಗಳಲ್ಲಿ ಆ ಸ್ಥಾನವು .372 ಸರಾಸರಿಯುಳ್ಳ ಜಾಷ್ ಗಿಬ್ಸನನಿಗೆ ಸಂದಿತು. ಗಿಬ್ಸನನು ತೀರಿಹೋಗಿ ಆಗ 77 ವರುಷಗಳಾಗಿದ್ದವು.

ಸತ್ತವನು ಹೊಸದಾಗಿ ಒಂದು ಹೊಡೆತವನ್ನೂ ಹೊಡೆಯಲಿಲ್ಲ, ಬದಲಾದದ್ದು ಪುಸ್ತಕವೇ. ಗಿಬ್ಸನನು ಕಪ್ಪು ವರ್ಣದವನು. ಆತನ ಕಾಲದಲ್ಲಿ ಮೇಜರ್ ಲೀಗಿನ ತಂಡಗಳು ಆ ಜನರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಆದಕಾರಣ ಅವರು ತಮ್ಮದೇ ಲೀಗುಗಳಲ್ಲಿ ಆಡಿದರು. ನೀಗ್ರೋ ಲೀಗುಗಳೆಂದು ಅವುಗಳ ಹೆಸರು. ಗಿಬ್ಸನನು ಪಿಟ್ಸ್‌ಬರ್ಗ್ ಕ್ರಾಫರ್ಡ್ಸ್, ಹೋಮ್‌ಸ್ಟೆಡ್ ಗ್ರೇಸ್ ಎಂಬ ತಂಡಗಳಲ್ಲಿ ಕ್ಯಾಚರನಾಗಿದ್ದನು. 1947ರ ಜನವರಿಯಲ್ಲಿ, 35ನೆಯ ವಯಸ್ಸಿನಲ್ಲಿ ತೀರಿಕೊಂಡನು. ಅದೇ ವರುಷ ಏಪ್ರಿಲ್ 15ರಂದು ಜಾಕಿ ರಾಬಿನ್‌ಸನ್ ಬ್ರೂಕ್ಲಿನ್ ತಂಡದೊಡನೆ ಮೈದಾನಕ್ಕಿಳಿದು ಆ ಬಾಗಿಲನ್ನು ತೆರೆದನು. ಮೂರೇ ತಿಂಗಳ ಅಂತರ! ಗಿಬ್ಸನನ ಸಮಾಧಿಗೆ 1975ರ ವರೆಗೆ ಹೆಸರಿನ ಕಲ್ಲು ಕೂಡ ಇರಲಿಲ್ಲ.

2020ರ ಡಿಸೆಂಬರಿನಲ್ಲಿ ಮೇಜರ್ ಲೀಗಿನವರು 1920ರಿಂದ 1948ರ ವರೆಗಿನ ಅಂಥ ಏಳು ಲೀಗುಗಳು ತಮ್ಮವಕ್ಕೆ ಸಮಾನವೆಂದು ಒಪ್ಪಿಕೊಂಡರು. ಸಂಶೋಧಕರು ಹಳೆಯ ವಾರ್ತಾಪತ್ರಗಳಲ್ಲಿ ಅಚ್ಚಾಗಿದ್ದ ಪಂದ್ಯದ ಪಟ್ಟಿಗಳನ್ನು ಒಂದೊಂದಾಗಿ ಕೂಡಿಸಿದ್ದರು. 2,300ಕ್ಕೂ ಹೆಚ್ಚು ಆಟಗಾರರು ಪುಸ್ತಕಕ್ಕೆ ಸೇರಿದರು. ದೊರೆತ ದಾಖಲೆಗಳು ಸುಮಾರು ಶೇಕಡಾ 75ರಷ್ಟು ಮಾತ್ರವಂತೆ; ಉಳಿದವು ಸಿಕ್ಕಿದಂತೆ ಅಂಕಿಗಳು ಇನ್ನೂ ಸ್ವಲ್ಪ ಆಚೀಚೆ ಆಗಬಹುದು.

ಇದಕ್ಕೆ ಆಕ್ಷೇಪಿಸುವವರು ಇಲ್ಲದಿಲ್ಲ. ಆ ಲೀಗುಗಳಲ್ಲಿ ಪಂದ್ಯಗಳು ಕಡಮೆ. ಇತ್ತ ಆಗಿನ ಮೇಜರ್ ಲೀಗಿನಲ್ಲಿ ವರುಷಕ್ಕೆ 154 ಪಂದ್ಯಗಳು. ಕೊಂಚ ಆಡಿದವನ ಸರಾಸರಿಯನ್ನು ಬಹಳ ಆಡಿದವನದರೊಡನೆ ತೂಗಬಹುದೇ ಎಂದು ಅವರ ಪ್ರಶ್ನೆ. ಪ್ರಶ್ನೆಯು ನ್ಯಾಯವಾದದ್ದೇ, ಲೆಕ್ಕ ಕಲಿಸುವ ನಾವು ಅದನ್ನು ತಳ್ಳಿಹಾಕಲಾರೆವು. ಆದರೆ ಪಂದ್ಯಗಳು ಕಡಮೆಯಾದದ್ದು ಗಿಬ್ಸನನ ತಪ್ಪಲ್ಲ. ಆತನು ಊರಿಂದೂರಿಗೆ ಹೋಗಿ ಆಡಿದ ಅಸಂಖ್ಯಾತ ಪಂದ್ಯಗಳು ಲೀಗಿನವಲ್ಲವೆಂದು ಎಣಿಕೆಗೇ ಬರಲಿಲ್ಲ. ಇನ್ನೊಂದು ಮಾತು. ಕಾಬನ .367 ಕೂಡ ಬೇಲಿಯೊಳಗಿನ ಅಂಕಿ. ಕಪ್ಪು ವರ್ಣದ ಉತ್ತಮ ಎಸೆತಗಾರರನ್ನು ಲೀಗಿನ ಪಂದ್ಯಗಳಲ್ಲಿ ಆತನು ಎದುರಿಸಲೇ ಇಲ್ಲ. ಅದನ್ನು ಅಪೂರ್ಣವೆಂದು ಎಷ್ಟು ಮಂದಿ ಅಂದರು?

ಹಳೆಯ ಪುಸ್ತಕವನ್ನು ಕಲ್ಲಿನ ಶಾಸನವೆಂದು ಭಾವಿಸುವವರಿಗೆ ಮತ್ತೊಂದು ಸಂಗತಿಯನ್ನು ತಿಳಿಸುತ್ತೇವೆ. ಕಾಬನ ಜೀವಮಾನದ ಹೊಡೆತಗಳು 4,191 ಎಂದು ಎಲ್ಲರೂ ಬಾಯಿಪಾಠ ಮಾಡಿದ್ದರು. 1910ರ ಒಂದು ಪಂದ್ಯವನ್ನು ಗುಮಾಸ್ತರು ಎರಡು ಸಾರಿ ಬರೆದಿದ್ದರೆಂದು ಸಂಶೋಧಕರು ಕಂಡುಹಿಡಿದರು. ಸರಿಯಾದ ಮೊತ್ತ 4,189 ಎಂದು 1981ರಲ್ಲಿ ಪ್ರಕಟವಾಯಿತು. ಆದರೂ 1985ರಲ್ಲಿ ಪೀಟ್ ರೋಸ್ ಅದನ್ನು ದಾಟಿದಾಗ ಸಂಭ್ರಮವು ಹಳೆಯ ಅಂಕಿಯ ಪ್ರಕಾರವೇ ನಡೆಯಿತು! ವರುಷಗಳಿಂದ ಹಾಜರಿಪುಸ್ತಕವನ್ನೂ ಅಂಕಪಟ್ಟಿಯನ್ನೂ ತಿದ್ದುತ್ತ ಬಂದಿರುವ ನಮಗೆ ಇದು ಆಶ್ಚರ್ಯವಲ್ಲ. ಕೆಂಪು ಶಾಯಿಯಿಂದ ಒಂದು ಗೆರೆ ಎಳೆಯುವುದಕ್ಕೆ ದೊಡ್ಡವರು ಎಷ್ಟು ಹಿಂಜರಿಯುತ್ತಾರೆಂಬುದನ್ನು ನಾವು ಬಲ್ಲೆವು. ಕಾಬನಿಗೆ ಹೆಚ್ಚಾಗಿ ಬಂದ ಎರಡು ಹೊಡೆತಗಳನ್ನು ಅಷ್ಟು ಕಾಲ ಸಹಿಸಿದವರು, ಗಿಬ್ಸನನಿಗೆ ನಿಜವಾಗಿ ಸಲ್ಲಬೇಕಾದವುಗಳನ್ನು ಬರೆಯುವಾಗ ಮಾತ್ರ ಕಟ್ಟುನಿಟ್ಟು ತೋರಿಸುವುದು ಸರಿಯಲ್ಲವೆಂಬುದೇ ನಮ್ಮ ಅಭಿಪ್ರಾಯ.

ನಮ್ಮ ಬಾಲಕಿಯರು ಕೇಳಬಹುದಾದ ಪ್ರಶ್ನೆಯೊಂದು ಉಳಿದಿದೆ: ಆ ಪುಸ್ತಕದಲ್ಲಿ ಸ್ತ್ರೀಯರು ಯಾರಾದರೂ ಇರುವರೋ? 1953ರಲ್ಲಿ ಟೋನಿ ಸ್ಟೋನ್ ಎಂಬಾಕೆ ನೀಗ್ರೋ ಲೀಗಿನ ಇಂಡಿಯಾನಾಪೊಲಿಸ್ ಕ್ಲೌನ್ಸ್ ತಂಡದಲ್ಲಿ ಗಂಡಸರೊಡನೆ ಸಂಬಳಕ್ಕೆ ಆಡಿದಳು. ಆದರೆ ಮೇಜರ್ ಲೀಗಿನವರು ಒಪ್ಪಿಕೊಂಡ ಲೆಕ್ಕವು 1948ಕ್ಕೆ ನಿಲ್ಲುತ್ತದೆ. ಆಕೆಯ ಹೊಡೆತಗಳು ಅದರ ಹೊರಗೇ ಇವೆ.