ಫಿಶ್ ಫೈಂಡರ್: ಪರದೆ ಆಮೇಲೆ, ತಳ ಮೊದಲು

ಕಾಡಿನ ನಡುವಿನ ಮೊಲೆಂನಲ್ಲಿ ಕುಳಿತು ನಾವು ಬೋಟಿನ ಮಾತೆತ್ತಿದರೆ ನೀವು ನಗಬಹುದು. ಆದರೆ ಗೇರುಬೀಜ ಮಾರಿದ ಹಣವನ್ನು ಕಾರವಾರದ ಕಡೆಯ ನೆಂಟರ ಬೋಟಿಗೆ ಕೊಡುವ ಮನೆಗಳು ನಮ್ಮಲ್ಲಿವೆ. ಈಗ ಫಿಶ್ ಫೈಂಡರ್‌ಗೆಂದು ಕೇಳುತ್ತಿದ್ದಾರೆ.

ಎಲ್ಲರೂ ನೋಡುವುದು ಪರದೆಯ ಅಗಲವನ್ನು. ಕೆಲಸ ಮಾಡುವುದು ಮಾತ್ರ ಬೋಟಿನ ತಳದ ಟ್ರಾನ್ಸ್‌ಡ್ಯೂಸರ್. ಶಬ್ದ ಕಳಿಸಿ, ಮೀನಿಗೆ ತಾಗಿ ಮರಳುವ ಪ್ರತಿಧ್ವನಿಯನ್ನು ಹಿಡಿಯುವುದು ಅದೇ. ಅದು ಹಿಡಿಯದ್ದನ್ನು ಎಷ್ಟು ದೊಡ್ಡ ಪರದೆಯೂ ತೋರಿಸಲಾರದು.

ದಡದ ಸಮೀಪ 20-30 ಮಾರು ನೀರಿನಲ್ಲಿ ಬಲೆ ಬಿಡುವವರಿಗೆ 200 ಕಿಲೋಹರ್ಟ್ಸ್ ಸಾಕು. ಮೀನು ಬೇರೆ, ನೆಲ ಬೇರೆ ಎಂದು ಸ್ಪಷ್ಟವಾಗಿ ಕಾಣುತ್ತದೆ. 50 ಕಿಲೋಹರ್ಟ್ಸ್ ಹೆಚ್ಚು ಆಳಕ್ಕೆ ಇಳಿಯುತ್ತದೆ, ಚಿತ್ರ ಒರಟು. ಆಳಸಮುದ್ರದ ಬೋಟಿಗೆ ಎರಡೂ ಬೇಕು.

ಹಣ ಹಾಳಾಗುವುದು ಹೆಚ್ಚಾಗಿ ಜೋಡಿಸುವಲ್ಲಿ. ಒಳಗಿನಿಂದಲೇ ಅಂಟಿಸುವ ಬಗೆ ಗಟ್ಟಿ ಫೈಬರ್ ಬೋಟಿಗೆ ಸರಿ. ಮರದ ಹಲಗೆಯಲ್ಲಿ ಶಬ್ದ ಸರಿಯಾಗಿ ಹಾಯುವುದಿಲ್ಲ. ಮರದ ಬೋಟಿಗೆ ತಳ ಕೊರೆದು ಕಂಚಿನದನ್ನೇ ಕೂರಿಸಬೇಕು. ಮರ ನೀರು ಕುಡಿದು ಉಬ್ಬಿದರೆ ಪ್ಲಾಸ್ಟಿಕ್ಕಿನದು ಬಿರಿದು ಬೋಟಿಗೆ ನೀರು ನುಗ್ಗೀತು. ಇಲ್ಲಿ ಕಾಸು ಉಳಿಸುವುದೆಂದರೆ ಬೋಟಿನಲ್ಲಿರುವ ಎಲ್ಲರ ಜೀವದೊಡನೆ ಆಟವಾಡಿದಂತೆ ಎಂದೇ ನಮ್ಮ ಅಭಿಪ್ರಾಯ. ಜಾಗವೂ ಪ್ರೊಪೆಲ್ಲರಿನ ಮುಂದೆ, ನೊರೆ ಗುಳ್ಳೆ ಬಾರದ ಕಡೆ ಇರಲಿ.

ಜೂನ್ 1ರಿಂದ ಜುಲೈ 31ರ ನಿಷೇಧದ ಕಾಲದಲ್ಲಿ ಬೋಟು ದಡಕ್ಕೆ ಏರಿರುತ್ತದೆ. ತಳ ಕೊರೆಯುವ ಕೆಲಸ ಆಗಲೇ ಆಗಲಿ. ಹಣ ಎಣಿಸುವ ಮುನ್ನ ನೆಂಟರನ್ನು ಕೇಳಿರಿ: ಬೋಟು ಮರದ್ದೋ ಫೈಬರಿನದ್ದೋ, ಬಲೆ ಬಿಡುವುದು ಎಷ್ಟು ಮಾರು ನೀರಿನಲ್ಲಿ?